ನಾರಾಯಣಮ್ಮನ ಗುರುವಾರಗಳು

ಹೆಣಕ್ಕೆ ಸ್ನಾನ ಮಾಡಿಸುತ್ತಿದ್ದ ಹೆಂಗಸರ ನಡುವೆ ಕೈ ತೂರಿಸಿ ಕೋದಂಡಪ್ಪ ಹೆಂಡತಿಯ ಪಾದ ತಡಕಿದರು. ಯಾರೋ ಅವರ ಕೈಗೆ ಚೊಂಬು ಕೊಟ್ಟರು. ನಿಧಾನವಾಗಿ ನೀರು ಸುರಿದು, ಹಿಮ್ಮಡಿಯ ಬಿರುಕುಗಳನ್ನು ಹೆಬ್ಬೆರಳಿನಿಂದ ತಿಕ್ಕತೊಡಗಿದರು.

"ಸಾಕು ಬಿಡಪ್ಪ," ಎಂದಳು ಮಗಳು ರಾಧ.

"ಇರು, ಇನ್ನೊಂದು ಕಾಲೈತೆ."

ಮುನಿನಾರಾಯಣಮ್ಮ ಬೆಳಗ್ಗೆ ಜಗಲಿಯ ಮೇಲೆ ಕೂತು ತಲೆ ಬಾಚುತ್ತಿದ್ದವರು ಹಾಗೆಯೇ ಗೋಡೆಗೆ ಒರಗಿದ್ದರು. ಇಪ್ಪತ್ತೇಳು ವರ್ಷ ಊರಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡಿ ನಿವೃತ್ತರಾದವರು. ಕೋದಂಡಪ್ಪ ಕಾಮಸಮುದ್ರದ ಹೈಸ್ಕೂಲಿನಲ್ಲಿ ಜವಾನರಾಗಿದ್ದರು. ಮೂರು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣು ತಿಂದುಹಾಕಿತ್ತು.

ಶಾಮಿಯಾನದ ಕೆಳಗೆ ನಾರಾಯಣಮ್ಮನ ತಮ್ಮ ಮುನಿಶಾಮಪ್ಪ ಬಂದವರಿಗೆ ಹೇಳುತ್ತಿದ್ದ. "ಸ್ವಂತ ತಮ್ಮನ ಹಾಲನ್ನೇ ವಾಪಸ್ ಕಳಿಸಿದೋಳು ನಮ್ಮಕ್ಕ. ಒಂದೇ ಒಂದು ಲೋಟ ನೀರು ಬಿದ್ದಿತ್ತು. 'ಒತ್ಕೊಂಡೋಗ್ಲಾ ಮನೇಗೆ' ಅಂದ್ಲು, ಎಲ್ಲರ ಎದುರಿಗೇ!"

ಕೂತಿದ್ದವರು ನಕ್ಕು, ಸಾವಿನ ಮನೆ ಎಂದು ನೆನಪಾಗಿ ಸುಮ್ಮನಾದರು.

"ಕಾರ್ಯ ಮುಗಿದ್ಮೇಲೆ ಬಾವನ್ನ ನಾನು ಕರ್ಕೊಂಡೋಗ್ತೀನಿ," ಎಂದ ಮುನಿಶಾಮಪ್ಪ. "ಕಣ್ಣಿಲ್ದೋರು ಒಬ್ರೇ ಎಂಗಿರ್ತಾರೆ?"

"ನಮ್ಮನೇಗೆ ಬರ್ಲಿ ಮಾವ," ಎಂದಳು ರಾಧ.

ಕೋದಂಡಪ್ಪ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡರು.

*

ಗುರುವಾರ ಬಂದರೆ ಗಂಡ ಹೆಂಡತಿ ಒಂಬತ್ತರ ಬಸ್ಸಿಗೆ ರಾಬರ್ಟ್‌ಸನ್‌ಪೇಟೆಗೆ ಹೋಗುತ್ತಿದ್ದರು. ಕೋದಂಡಪ್ಪನ ಮಾತ್ರೆ, ವಾರದ ತರಕಾರಿ, ರಿಪೇರಿಗೆ ಕೊಟ್ಟ ಛತ್ರಿ, ರವಿಕೆಗೆ ದಾರ. ಕೆಲಸವೆಲ್ಲ ಮುಗಿದ ಮೇಲೆ ಇಬ್ಬರಿಗೂ ಸೇರಿ ಒಂದು ಮಸಾಲೆ ದೋಸೆ. ಗರಿಗರಿ ಅಂಚು ಅವರಿಗೆ, ಪಲ್ಯ ಆಕೆಗೆ. ತಿಂಗಳಿಗೊಮ್ಮೆ ಬಂಗಾರಪೇಟೆಗೂ ಹೋಗಿ ಪಾನಿಪುರಿ ತಿನ್ನಬೇಕು. ಅಲ್ಲಿನ ಪಾನಿ ನಲ್ಲಿ ನೀರಿನಷ್ಟು ತಿಳಿ. "ಬರೀ ನೀರು ಅಂದ್ಕಂಡೆ, ಬಾಯಿಗಿಟ್ರೆ ಬೆಂಕಿ!" ಎಂದು ಕಣ್ಣು ಒರೆಸಿಕೊಳ್ಳುತ್ತಲೇ ನಾರಾಯಣಮ್ಮ ಮುಂದಿನದನ್ನು ಗಂಡನ ಬಾಯಿಗೆ ತುರುಕುತ್ತಿದ್ದರು. ಬೀದಿಯಲ್ಲಿ ಯಾರು ನೋಡಿದರೂ ಆಕೆಗೆ ಲೆಕ್ಕವಿರಲಿಲ್ಲ.

ಹೋದ ದೀಪಾವಳಿ ಕಳೆದ ಮೇಲೆ ಆಕೆ ಬದಲಾದರು.

"ಇವತ್ತು ನೀನೇ ಓಗಿ ಮಾತ್ರೆ ತಗೊಂಡು ಬಾ. ನಾನು ಬಳೆ ಅಂಗಡೀಲಿರ್ತೀನಿ," ಎಂದು ಬಸ್ ಸ್ಟ್ಯಾಂಡಿನಲ್ಲೇ ಅವರ ಕೈ ಬಿಟ್ಟರು.

ಎರಡನೆಯ ವಾರ ಕೋದಂಡಪ್ಪ ಚರಂಡಿಯ ಕಲ್ಲಿಗೆ ಎಡವಿ ಬಿದ್ದರು. ಮೊಣಕಾಲು ತರಚಿತು. ಯಾರೂ ಎತ್ತಲಿಲ್ಲ. ತಾವೇ ಎದ್ದು, ಕೇಳಿಕೊಂಡು ಮೆಡಿಕಲ್ ಶಾಪ್ ಮುಟ್ಟಿದರು. ಸ್ವಲ್ಪ ಹೊತ್ತಿಗೆ ಹೆಂಡತಿಯ ದನಿ ಕೇಳಿದ್ದೇ ತಡ, ಸಿಟ್ಟು ನೆತ್ತಿಗೇರಿತು.

"ನಾನು ನಿನ್ಗೆ ಬ್ಯಾಸರ ಆಗಿವ್ನಿ ಅಲ್ವಾ? ಒಂದೇ ಸಲ ಏಳ್ಬಿಡು!"

"ಊಂ, ಆಗಿದೀಯ," ಎಂದರು ನಾರಾಯಣಮ್ಮ. "ನಡಿ ಈಗ. ಮೊದ್ಲು ಪಾದ ಇಕ್ಕು, ಆಮ್ಯಾಕೆ ಭಾರ ಬಿಡು."

ಮನೆ ಸೇರುವವರೆಗೂ ಅವರು ಹೆಂಡತಿಯ ಜೊತೆ ಮಾತಾಡಲಿಲ್ಲ. ಆದರೂ ಮುಂದಿನ ಗುರುವಾರ ಹೋದರು, ಅದರ ಮುಂದಿನದಕ್ಕೂ ಹೋದರು. ಯುಗಾದಿ ಹೊತ್ತಿಗೆ ಬಂಗಾರಪೇಟೆಯಲ್ಲಿ ತಾವೇ ಗಾಡಿ ಹುಡುಕಿ, ಎರಡು ಪ್ಲೇಟ್ ಪಾನಿಪುರಿ ಹೇಳಿ, ಹೆಂಡತಿಯನ್ನು ಕೂಗಿ ಕರೆದರು. ಅವತ್ತು ಆಕೆ ಯಾಕೋ ಒಂದೂ ತಿನ್ನಲಿಲ್ಲ. ಇವರ ಭುಜ ಹಿಡಿದುಕೊಂಡು ಸುಮ್ಮನೆ ನಿಂತಿದ್ದರು.

*

ಮಧ್ಯಾಹ್ನದ ಬಸ್ಸಿಗೆ ಹೂವಿನ ಹಾರ ಹಿಡಿದು ಒಬ್ಬ ಹುಡುಗಿ ಬಂದಳು.

"ತಾತ, ನಾನು ಶ್ಯಾಮಲ. ಮೆಡಿಕಲ್ ಶಾಪಿನೋಳು."

ದನಿಯ ಗುರುತು ಸಿಕ್ಕಿ ಕೋದಂಡಪ್ಪ ಪಕ್ಕಕ್ಕೆ ಸರಿದು ಜಾಗ ಮಾಡಿದರು. ಅವಳು ಹಾರ ಹಾಕಿ ಬಂದು ಅವರ ಪಕ್ಕ ಕೂತಳು.

"ನಾರಾಯಣಮ್ಮೋರು ಯಾರಿಗೂ ಹೇಳ್ಬೇಡ ಅಂದಿದ್ರು ತಾತ. ದೀಪಾವಳಿಯಿಂದ ಅವರು ಹಾರ್ಟಿಗೆ ಮಾತ್ರೆ ತಗೊಳ್ತಿದ್ರು. ಆಪರೇಷನ್ ತಡೆಯೋ ಶಕ್ತಿ ಇಲ್ಲ, ಮಾತ್ರೇಲಿ ಎಷ್ಟು ದಿನ ಆಗುತ್ತೋ ಅಷ್ಟು ಅಂದ್ರಂತೆ ಡಾಕ್ಟ್ರು."

ರಾಧ ಬಾಯಿಗೆ ಸೆರಗು ಒತ್ತಿಕೊಂಡಳು. ಕೋದಂಡಪ್ಪ ದನಿ ಬಂದ ಕಡೆ ಮುಖ ತಿರುಗಿಸಿದರು.

"ಅವಳು ಬಳೆ ಅಂಗಡೀಗೆ ಓಗ್ತೀನಿ ಅಂತಿದ್ಲು," ಎಂದರು.

"ಒಂದು ದಿನಾನೂ ಹೋಗ್ಲಿಲ್ಲ ತಾತ. ನಿಮ್ಮ ಹಿಂದೇನೇ ಬರೋರು. ಸದ್ದು ಕೇಳ್ಬಾರ್ದು ಅಂತ ಚಪ್ಪಲಿ ಕೈಯಲ್ಲಿ ಹಿಡ್ಕೊಂಡು. ನೀವು ಬಿದ್ರಲ್ಲ, ಅವತ್ತು ಎತ್ತೋಕೆ ಓಡಿ ಬಂದ್ರು. ಹತ್ರ ಬಂದು ನಿಂತ್ಬಿಟ್ರು. ಯಾರೋ ಕೈ ಕೊಡೋಕೆ ಹೋದ್ರೆ ಅವರನ್ನೂ ತಡೆದ್ರು. ನಾನು ಅಂಗಡಿಯಿಂದ ನೋಡ್ತಿದ್ದೆ. ಅಳ್ತಾ ಇದ್ರು."

"ಬಿಸ್ಲಲ್ಲಿ... ಬರಿಗಾಲಲ್ಲಾ?"

"ಹೂಂ ತಾತ."

ಬೆಳಗ್ಗಿನಿಂದ ಅಳದಿದ್ದ ಕೋದಂಡಪ್ಪ ಆಗ ಅತ್ತರು. ಜೋರಾಗಿ, ಮಕ್ಕಳ ಹಾಗೆ. ಯಾರೂ ಸಮಾಧಾನ ಮಾಡಲು ಹೋಗಲಿಲ್ಲ.

ಅಳು ತಗ್ಗಿದ ಮೇಲೆ ರಾಧ ಮೆಲ್ಲಗೆ, "ನಮ್ಮನೇಗೆ ಬಂದ್ಬಿಡಪ್ಪ," ಎಂದಳು.

"ಅಷ್ಟು ದಿನ ಬರಿಗಾಲಲ್ಲಿ ನಡ್ದವ್ಳೆ ಕಣವ್ವ," ಎಂದರು ಅವರು. "ನಾನು ಇಲ್ಲೇ ಇರ್ತೀನಿ."

*

ತಮಟೆಯ ಸದ್ದಿನ ಜೊತೆ ಹೊಲಕ್ಕೆ ಒಯ್ದು, ಟೊಮೆಟೊ ಪಾತಿಯ ಆಚೆ ಹೊಂಗೆ ಮರದ ಪಕ್ಕ ಮಣ್ಣು ಮಾಡಿದರು. ಕೋದಂಡಪ್ಪ ಮೂರು ಹಿಡಿ ಮಣ್ಣು ಹಾಕಿದರು. ಎಲ್ಲರೂ ಬೋರ್‌ವೆಲ್ ತೊಟ್ಟಿಯಲ್ಲಿ ಕೈಕಾಲು ತೊಳೆದುಕೊಂಡಾಗ ಹೊತ್ತು ಇಳಿಯುತ್ತಿತ್ತು.

ಮುನಿಶಾಮಪ್ಪ ಬಂದು ಅವರ ತೋಳು ಹಿಡಿದ. "ಬಾ ಬಾವ, ಓಗೋಣ."

ಕೋದಂಡಪ್ಪ ಆ ಕೈಯನ್ನು ಮೆಲ್ಲಗೆ ಬಿಡಿಸಿದರು. "ನೀನು ಹಿಂದೆ ಬಾಪ್ಪ. ಬದು ಸಣ್ಣದು. ಬಲಗಡೆ ಕಾಲುವೆ ಐತೆ, ಉಷಾರು."

ಒಂದು ಪಾದ ಮುಂದಿಟ್ಟು, ತಡೆದು, ಭಾರ ಬಿಟ್ಟು ನಡೆಯತೊಡಗಿದರು. ಒಣಗಿದ ಬದುವಿನ ಮೇಲೆ ಅವರ ಒದ್ದೆ ಹೆಜ್ಜೆಗಳು ಒಂದರ ಮುಂದೊಂದು ಮೂಡುತ್ತಾ ಹೋದವು. ಹಿಂದಿದ್ದ ಮೂವತ್ತು ಗಂಡಸರು ಒಬ್ಬರ ಬೆನ್ನಿಗೊಬ್ಬರು, ತಲೆ ತಗ್ಗಿಸಿ, ಆ ಹೆಜ್ಜೆಗಳ ಮೇಲೆಯೇ ಕಾಲಿಡುತ್ತಾ ಊರ ಕಡೆ ಬಂದರು.