ಎದುರಂಗಡಿಯಲ್ಲಿದ್ದ ಅಕ್ಕ

ತಂಗಿಗೆ ಕ್ಯಾಮೆರಾ ಹಿಡಿಯಲು ಕಲಿಸಿದ್ದೇ ಅಕ್ಕ. ಇಪ್ಪತ್ತು ವರ್ಷದಿಂದ ಸ್ಟುಡಿಯೊದಲ್ಲಿ "ಗದ್ದ ಸ್ವಲ್ಪ ಕೆಳಗೆ" ಎನ್ನುತ್ತ ಪಾಸ್‌ಪೋರ್ಟ್ ಫೋಟೊ ತೆಗೆಯುತ್ತಿದ್ದ ಅಕ್ಕನ ಹೆಸರು ಎಲ್ಲೂ ಅಚ್ಚಾಗಲಿಲ್ಲ. ತಂಗಿ ಎರಡೇ ವರ್ಷ ಬೀದಿ ಸುತ್ತಿ ಹಳೆಯ ಕಟ್ಟಡಗಳ ಫೋಟೊ ತೆಗೆದಳು. ಪತ್ರಿಕೆಯವರು ಪ್ರತಿ ಭಾನುವಾರ ಅರ್ಧ ಪುಟ ಕೊಡತೊಡಗಿದರು. ಅಮ್ಮ ಅದನ್ನು ನೆರೆಮನೆಯವರಿಗೆಲ್ಲ ತೋರಿಸುವಾಗ ಅಕ್ಕನ ಹೊಟ್ಟೆಗೆ ಕೆಂಡ ಸುರಿದಂತಾಗುತ್ತಿತ್ತು.

ಒಂದು ಬೆಳಿಗ್ಗೆ ಪ್ರಿಂಟರ್ ಶಾಯಿ ಕೊಳ್ಳಲು ಹೋದ ಅಕ್ಕ ಅಂಗಡಿಯ ತೆರೆದ ಬಾಗಿಲಿನಿಂದ ತಂಗಿಯನ್ನು ಕಂಡಳು. ಅವಳು ಎದುರಿನ ಫುಟ್‌ಪಾತಿನಲ್ಲಿ ನಿಂತು ವಿಮಾ ಕಚೇರಿಯ ಹಳೆಯ ಗಡಿಯಾರ ಗೋಪುರಕ್ಕೆ ಕ್ಯಾಮೆರಾ ಎತ್ತಿದ್ದಳು. ಕಾವಲುಗಾರ ಓಡಿಬಂದ.

"ಯಾರನ್ನ ಕೇಳಿ ತೆಗೀತಿದೀರಿ? ಎಲ್ಲಾ ಡಿಲೀಟ್ ಮಾಡಿ!"

ರಸ್ತೆಯಿಂದ ಕಾಣುವ ಕಟ್ಟಡವನ್ನು ಯಾರು ಬೇಕಾದರೂ ತೆಗೆಯಬಹುದು, ಅಳಿಸೆಂದು ಬಲವಂತ ಮಾಡುವಂತಿಲ್ಲ ಎಂದು ಸ್ಟುಡಿಯೊಗೆ ಬರುವ ವಕೀಲರು ಅಕ್ಕನಿಗೆ ಹೇಳಿದ್ದರು. ನಾಲ್ಕು ಹೆಜ್ಜೆ ಹಾಕಿದ್ದರೆ ಸಾಕಿತ್ತು. ಹಾಕಲಿಲ್ಲ. ತಂಗಿ ಒಂದೊಂದೇ ಫೋಟೊ ಅಳಿಸುವುದನ್ನು ನೋಡುತ್ತ ನಿಂತಳು. ಹಾಯೆನಿಸಿತು.

ಸಂಜೆ ತಂಗಿ ಅಡುಗೆಮನೆಯ ಸ್ಟೂಲಿನ ಮೇಲೆ ಕುಸಿದಳು. "ಇನ್ನು ಕಟ್ಟಡಗಳ ಸಹವಾಸವೇ ಬೇಡಕ್ಕ. ನಿನ್ ಜೊತೆ ಸ್ಟುಡಿಯೊದಲ್ಲೇ ಇದ್ಬಿಡ್ತೀನಿ."

ಬಯಸಿದ್ದು ಇದನ್ನೇ. ಆದರೂ ಅಕ್ಕ ಒಲೆ ಆರಿಸಿ ತಂಗಿಯ ಎದುರು ಬಂದು ಕೂತಳು.

"ಅಳಿಸ್ಬೇಕಾಗಿರ್ಲಿಲ್ಲ ಕಣೇ. ರಸ್ತೇಲಿ ನಿಂತು ತೆಗೆಯೋಕೆ ಅವನ ಅಪ್ಪಣೆ ಬೇಕಿಲ್ಲ."

"ಮೊದಲೇ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು. ಎದುರಂಗಡೀಲೇ ಇದ್ದೆ. ನೋಡ್ತಾ ನಿಂತಿದ್ದೆ."

"ಯಾಕಕ್ಕ?"

"ಹೊಟ್ಟೆಕಿಚ್ಚು."

ತಂಗಿ ಸ್ಟೂಲು ತಳ್ಳಿ ಎದ್ದು ಹೋದಳು, ಎರಡು ದಿನ ಕ್ಯಾಮೆರಾ ಮುಟ್ಟಲಿಲ್ಲ. ಮೂರನೆಯ ದಿನ ಅಕ್ಕ ಸ್ಟುಡಿಯೊಗೆ ಬೀಗ ಹಾಕಿ, "ಕ್ಯಾಮೆರಾ ತಗೋ, ನಡಿ" ಎಂದಳು. ಗೋಪುರದ ಎದುರು ಕಾವಲುಗಾರ ಮತ್ತೆ ಓಡಿಬಂದಾಗ ಅಕ್ಕ ತಂಗಿಯ ಮುಂದೆ ಹೋಗಿ ನಿಂತಳು.

"ನಿಮ್ಮ ಗೇಟೊಳಗೆ ಕಾಲಿಟ್ರೆ ಆಚೆ ಹೋಗಿ ಅನ್ನಿ, ಹೋಗ್ತೀವಿ. ಇದು ಫುಟ್‌ಪಾತು. ಬೇಕಾದ್ರೆ ಪೊಲೀಸರನ್ನ ಕರೀರಿ, ಕಾಯ್ತೀವಿ."

ಆತ ಒಳಗೆ ಹೋಗಿ ಮ್ಯಾನೇಜರನ್ನು ಕರೆತಂದ. ಮ್ಯಾನೇಜರು ಗೇಟಿನಾಚೆಯೇ ನಿಂತಿದ್ದ ಇಬ್ಬರನ್ನೂ ನೋಡಿದರು. "ಬಿಡಪ್ಪ, ತೆಗೀಲಿ" ಎಂದು ಒಳನಡೆದರು.

ಭಾನುವಾರ ಗೋಪುರ ಅಚ್ಚಾಯಿತು, ಕೆಳಗೆ ತಂಗಿಯ ಹೆಸರು. ಅಕ್ಕನ ಕಿಚ್ಚು ಆರಿತೆಂದರೆ ಸುಳ್ಳಾದೀತು. ಫೋಟೊದಲ್ಲಿ ಗೋಪುರದ ನೆರಳು ರಸ್ತೆಯುದ್ದಕ್ಕೂ ಚಾಚಿತ್ತು. ಅಲ್ಲೇ ನಿಂತಿದ್ದರೂ ಆ ನೆರಳು ತನ್ನ ಕಣ್ಣಿಗೇಕೆ ಬೀಳಲಿಲ್ಲವೆಂದು ಆ ಪುಟವನ್ನು ಬಹಳ ಹೊತ್ತು ನೋಡಿದಳು.

"ನಾಳೆ ಹಳೇ ರೈಲ್ವೆ ಗೋದಾಮಿಗೆ ಹೋಗ್ತಿದೀನಿ, ಬರ್ತೀಯಾ?" ಎಂದು ತಂಗಿ ಕೇಳಿದಳು.

"ಬರ್ತೀನಿ. ಆದ್ರೆ ಜಗಳ ಆಡೋಕಷ್ಟೇ ಅಲ್ಲ. ಈ ಸಲ ನಾನೂ ತೆಗೀತೀನಿ."