ಕಿರುಬೆರಳಿನಷ್ಟು ಜಾಗ

ಸಮಾಧಿಯ ಮೇಲೆ ನೆಡಬೇಕಾದ ಹಲಗೆಯನ್ನು ಗೋಡೆಗೆ ಒರಗಿಸಿ ಮಗಳು ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದಳು. ಅಪ್ಪನ ಮಾರುದ್ದದ ಹೆಸರೇನೋ ಪೂರ್ತಿ ಇತ್ತು. ಆದರೆ ಅಗಲದ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಎರಡೂ ಕಡೆಯಿಂದ ಅದುಮಿ ಹೇಗೋ ತುರುಕಿದ್ದರು. ನಿಂತ ಗೆರೆಗಳು ಸೊರಗಿ ಕಡ್ಡಿಯಾಗಿದ್ದವು, ಮಲಗಿದ ಗೆರೆಗಳು ಮಾತ್ರ ದಪ್ಪಗೆ ಉಳಿದಿದ್ದವು. ಜೀವಮಾನವಿಡೀ ಅಪ್ಪ ಹಲ್ಲು ಕಡಿದದ್ದು ಈ ಒಂದು ಕೆಲಸ ಕಂಡರೆ.

ಮಾಡಿ ತಂದವನಾದರೂ ಯಾರು? ಅಪ್ಪನ ಕೈಕೆಳಗೆ ಹತ್ತು ವರ್ಷ ಪಳಗಿದ ಬೋರ್ಡಿನ ಅಂಗಡಿಯವನು. ಅವಸರದಲ್ಲಿ ಆಗಿಹೋಯಿತು ಎಂದು ತಲೆ ತಗ್ಗಿಸಿದ.

ಹೊರಗೆ ಶವ ಸಾಗಿಸುವ ವ್ಯಾನು ಎಂಜಿನ್ ಆರಿಸದೆ ನಿಂತಿತ್ತು. ಚಿಕ್ಕಪ್ಪ ಮತ್ತೆ ಮತ್ತೆ ಗಡಿಯಾರ ನೋಡಿಕೊಳ್ಳುತ್ತಿದ್ದ.

"ಅಷ್ಟೆಲ್ಲ ಯಾರು ನೋಡ್ತಾರಮ್ಮ? ಬೇಕಾದ್ರೆ ಆಮೇಲೆ ಹೆಸರು ಮೊಟಕು ಮಾಡಿ ಬರೆಸೋಣ."

"ಅಪ್ಪ ಯಾರ ಹೆಸರನ್ನೂ ಮೊಟಕು ಮಾಡ್ಲಿಲ್ಲ ಚಿಕ್ಕಪ್ಪ."

\*

ಅಪ್ಪ ಬಸ್ ಕಂಪನಿಯಲ್ಲಿ ಬೋರ್ಡು ಬರೆಯುತ್ತಿದ್ದ ಕಾಲ. ಕೆಲವು ಊರುಗಳ ಹೆಸರು ಹಲಗೆಯೊಳಗೆ ಹಿಡಿಸುತ್ತಿರಲಿಲ್ಲ. ಅರ್ಧಕ್ಕೆ ಕತ್ತರಿಸು ಎಂದರು ಮೇಲಿನವರು. ಆ ಊರಿನವರು ಏನು ಅರ್ಧ ಟಿಕೆಟ್ಟಿನವರೇ ಎಂದು ಗೊಣಗುತ್ತ ಮನೆಗೆ ಬಂದ ಅಪ್ಪ, ಎರಡು ವರ್ಷ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕೂತ. ಮನೆಯವರು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡರು. ಕೊಂಕು ಬಳುಕುಗಳಿಲ್ಲದ ಸಪೂರ ಅಕ್ಷರಗಳು ಹುಟ್ಟಿದ್ದು ಹಾಗೆ. ಮುಂದೆ ಅವು ಔಷಧಿಯ ಡಬ್ಬಿಗೂ ಪತ್ರಿಕೆಯ ತಲೆಬರಹಕ್ಕೂ ಹತ್ತಿದವು. ಬರೆದವನು ಯಾರೆಂದು ಯಾರೂ ಕೇಳಲಿಲ್ಲ, ಅಪ್ಪನೂ ಹೇಳಲಿಲ್ಲ.

"ಅದುಮಬಾರದು ಕಣೇ. ಹೊಟ್ಟೆ ಒಳಗೆಳ್ಕೊಂಡು ನಿಂತ ಹಾಗೆ ಬರೀಬೇಕು. ಮೈ ಸೊರಗಬಾರದು," ಎಂದು ಅಪ್ಪ ಮಗಳಿಗೆ ಹೇಳುತ್ತಿದ್ದ.

ಹೆಸರು ಮುಗಿದ ಮೇಲೆ ಹಲಗೆಯ ಅಂಚಿಗೆ ಕಿರುಬೆರಳಿಟ್ಟು ಅಳೆಯುತ್ತಿದ್ದ. ಹೆಸರಿಗೆ ಉಸಿರಾಡಲು ಅಷ್ಟಾದರೂ ಜಾಗ ಬೇಕಂತೆ. ಎಂಟು ವರ್ಷದ ಮಗಳೂ ತನ್ನ ಬೆರಳನ್ನು ತೂರಿಸುತ್ತಿದ್ದಳು. ಅದು ಅಲ್ಲಿ ಸಡಿಲವಾಗಿ ಆಡುತ್ತಿತ್ತು. "ನಿಂದು ಇನ್ನೂ ಸಾಲದು," ಎಂದು ಅಪ್ಪ ನಗುತ್ತಿದ್ದ.

\*

ಮಗಳು ಮೇಜಿನ ಖಾನೆ ಎಳೆದು ಅಪ್ಪ ಅಕ್ಷರ ಬರೆದಿಟ್ಟ ಹಳದಿಗಟ್ಟಿದ ಹಾಳೆಗಳನ್ನು ತಂದಳು.

"ಅಣ್ಣ, ಕುಂಚ ಇದೆಯಾ?"

ಅಂಗಡಿಯವನು ಕುಂಚ ಮುಟ್ಟಿ ವರ್ಷಗಳಾಗಿದ್ದವು. ಆದರೂ ಹಲಗೆಗೆ ಅಂಟಿಸಿದ್ದ ಅಕ್ಷರಗಳನ್ನು ಕಿತ್ತು, ಹಾಳೆ ಎದುರಿಗಿಟ್ಟುಕೊಂಡು ನೆಲದ ಮೇಲೆ ಕೂತ. ಮೊದಲ ಗೆರೆ ಸೊಟ್ಟಗಾಯಿತು, ಒರೆಸಿ ಮತ್ತೆ ಎಳೆದ. ಮೂರನೆಯ ಅಕ್ಷರದ ಹೊತ್ತಿಗೆ ಹಳೆಯ ಹಿಡಿತ ಬಂತು.

ತಡವಾಯಿತೆಂದು ರೇಗಲು ಒಳಗೆ ಬಂದ ವ್ಯಾನಿನ ಚಾಲಕ ಹಲಗೆ ನೋಡಿ ನಿಂತುಬಿಟ್ಟ. ಅವನು ಮೊದಲು ಬಸ್ಸು ಓಡಿಸುತ್ತಿದ್ದವನು.

"ಇದು ನಮ್ಮ ಬೋರ್ಡಿನ ಅಕ್ಷರ ಅಲ್ವಾ?"

"ಹೌದು. ಅದನ್ನೂ ಅಪ್ಪನೇ ಬರೆದಿದ್ದು," ಎಂದಳು ಮಗಳು.

ಚಾಲಕ ಹೊರಗೆ ಹೋಗಿ ಎಂಜಿನ್ ಆರಿಸಿ ಬಂದ. ಚಿಕ್ಕಪ್ಪ ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡ.

ಹೆಸರು ಮುಗಿಯಿತು. ಮಗಳು ಮಂಡಿಯೂರಿ, ಹಸಿ ಬಣ್ಣಕ್ಕೆ ತಾಗದಂತೆ, ಕೊನೆಯ ಅಕ್ಷರಕ್ಕೂ ಹಲಗೆಯ ಅಂಚಿಗೂ ನಡುವೆ ಕಿರುಬೆರಳಿಟ್ಟಳು. ಬೆರಳು ಸರಿಯಾಗಿ ಕೂತಿತು.