ಮೂವತ್ತೊಂದು ಬಳ್ಳಿ

ದೆಲ್ಫೀನಾ ಎಲೆ ಕೀಳುತ್ತಿದ್ದಳು. ಬೆಳಕು ಇನ್ನೂ ಪೂರ್ತಿ ಹರಿದಿರಲಿಲ್ಲ. ಕಣಿವೆಯ ತುಂಬ ಮಂಜು ಕವುಚಿಕೊಂಡು ಗುಡ್ಡದ ನೆತ್ತಿ ಮಾತ್ರ ಹೊರಗೆ ಕಾಣುತ್ತಿತ್ತು. ಎಡಗೈಯಲ್ಲಿ ಬಳ್ಳಿಯ ಕಡ್ಡಿ ಹಿಡಿದು, ಬಲಗೈ ಹೆಬ್ಬೆರಳಿನಿಂದ ತೊಟ್ಟನ್ನು ಕೆಳಕ್ಕೊತ್ತಿದರೆ ಎಲೆ ಸದ್ದಿಲ್ಲದೆ ಕಳಚಿಕೊಳ್ಳುತ್ತಿತ್ತು. ಕೆಂಪೆಲೆಯನ್ನು ಮಾತ್ರ ಕೀಳಬೇಕು, ಹಳದಿಯದನ್ನು ಮುಟ್ಟಬಾರದು. ಬುಟ್ಟಿ ಮುಕ್ಕಾಲು ತುಂಬಿತ್ತು. ಇಬ್ಬನಿಗೆ ಬೆರಳುಗಳು ಮರಗಟ್ಟಿದ್ದವು. ಇಪ್ಪತ್ತೊಂಬತ್ತು, ಮೂವತ್ತು, ಮೂವತ್ತೊಂದು. ಯಾವ ಸಾಲಿನಲ್ಲಿ ಯಾವ ಬಳ್ಳಿ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು.

ನವೆಂಬರಿನ ಮೊದಲ ವಾರ ಈ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಗುಟ್ಟು ಉಳಿಯುವುದಿಲ್ಲ. ಬೇಸಗೆಯಲ್ಲಿ ಎಲ್ಲವೂ ಒಂದೇ ಹಸಿರು. ಕೊಯ್ಲು ಮುಗಿದ ಮೇಲೆ ನೆಬ್ಬಿಯೋಲೊ ಬಳ್ಳಿ ಹಳದಿಯಾಗುತ್ತದೆ, ಬಾರ್ಬೆರಾ ಬಳ್ಳಿ ಕೆಂಪಾಗುತ್ತದೆ. ಯಾರು ಯಾವ ತಳಿ ಬೆಳೆದಿದ್ದಾರೆ ಎಂದು ರಸ್ತೆಯಲ್ಲಿ ಹೋಗುವವನೂ ಹೇಳಬಲ್ಲ. ಅವರ ತೋಟವಿರುವ ಫೊರ್ನೇರ ಗುಡ್ಡದ ಮೇಲೆ ನೆಬ್ಬಿಯೋಲೊ ಬಿಟ್ಟು ಬೇರೆ ತಳಿ ಇರಕೂಡದು. ಇದ್ದರೆ ಶೀಷೆಯ ಮೇಲೆ ಗುಡ್ಡದ ಹೆಸರು ಬರೆಯುವ ಹಕ್ಕು ಹೋಗುತ್ತದೆ. ಆ ಹೆಸರು ಬರೆಯುವುದಕ್ಕೆಂದೇ ಅವಳ ಅಜ್ಜ ಮುನ್ನೂರ ನಲವತ್ತು ಬಳ್ಳಿಗಳನ್ನು ನೆಟ್ಟು ಸತ್ತಿದ್ದ. ಅವಳ ಅಪ್ಪ ಚೆಲೆಸ್ತೀನೊ ಅದಕ್ಕೆಂದೇ ಬದುಕಿದ್ದ ಎಂದರೂ ನಡೆಯುತ್ತದೆ.

ಮೂರು ವರ್ಷದಿಂದ ಅವರ ಪೀಪಾಯಿಯ ವೈನ್ ವರ್ಷದಿಂದ ವರ್ಷಕ್ಕೆ ಕಪ್ಪಾಗುತ್ತಿತ್ತು. ನೆಬ್ಬಿಯೋಲೊಗೆ ಇಷ್ಟು ದಟ್ಟ ಬಣ್ಣ ಬರುವುದಿಲ್ಲವೆಂದು ರುಚಿ ನೋಡುವವರು ಎರಡು ಸಲ ಹಿಂದಕ್ಕೆ ಕಳಿಸಿದ್ದರು. ಇವತ್ತು ಗುಡ್ಡದ ಹೆಸರಿನ ಹಕ್ಕು ಕೊಡುವ ಮಂಡಳಿಯಿಂದ ಇಬ್ಬರು ತಜ್ಞರು ತೋಟವನ್ನೇ ನೋಡಲು ಬರುವವರಿದ್ದರು.

ತಪ್ಪು ಆರು ವರ್ಷದ ಹಿಂದಿನದು. ಆ ಚಳಿಗಾಲ ಅಪ್ಪ ನೆಲಮಾಳಿಗೆಯ ಮೆಟ್ಟಿಲಿನಿಂದ ಜಾರಿ ಸೊಂಟ ಮುರಿದುಕೊಂಡ. ತಾಯಿಯಿಲ್ಲದ ಮನೆ. ಹದಿನಾಲ್ಕರ ದೆಲ್ಫೀನಾ ಶಾಲೆ ಬಿಟ್ಟು ತೋಟಕ್ಕಿಳಿದಳು. ಅದೇ ಚಳಿಗೆ ಮೇಲಿನ ಮೂರು ಸಾಲಿನಲ್ಲಿ ಮೂವತ್ತೊಂದು ಬಳ್ಳಿ ಒಣಗಿದವು. ಅಪ್ಪ ಆಸ್ಪತ್ರೆಯಿಂದಲೇ ಸಸಿಗೆ ಹೇಳಿಕಳಿಸಿದ. ಗುಡ್ಡಕ್ಕೆ ನೆಬ್ಬಿಯೋಲೊ, ಹೊಳೆಯ ಪಕ್ಕದ ತುಂಡಿಗೆ ಬಾರ್ಬೆರಾ. ಸಸಿ ಮಾರುವವನು ಯಾವತ್ತಿನಂತೆ ಕಂತೆ ಕಟ್ಟಿ ತಂದ. ವಿಲೋ ಮರದ ಬಳುಕುವ ಹಳದಿ ಕಡ್ಡಿಯಲ್ಲಿ ಕಟ್ಟಿದ್ದು ನೆಬ್ಬಿಯೋಲೊ, ಕೆಂಪು ವಿಲೋ ಕಡ್ಡಿಯಲ್ಲಿ ಕಟ್ಟಿದ್ದು ಬಾರ್ಬೆರಾ. ಚೀಟಿ ಬರೆದು ಅಂಟಿಸುವ ಅಭ್ಯಾಸ ಇಲ್ಲಿಲ್ಲ. ಮಾಘಿಯ ಚಳಿಯಲ್ಲಿ ಬಳ್ಳಿಗಳನ್ನು ತಂತಿಗೆ ವಿಲೋ ಕಡ್ಡಿಯಿಂದಲೇ ಕಟ್ಟುತ್ತ ಬೆಳೆದವರಿಗೆ ಅದರ ಬಣ್ಣ ಗೊತ್ತಾಗದೆ ಹೋಗುವುದುಂಟೇ?

ನೆಲ ಕೆಸರಾಗಿತ್ತೆಂದು ಅವಳು ಕಂತೆಗಳನ್ನು ಹತ್ತು ದಿನ ನೀರಿನ ತೊಟ್ಟಿಯಲ್ಲಿ ನಿಲ್ಲಿಸಿಟ್ಟಳು. ತೆಗೆದಾಗ ಹಳದಿಯೂ ಇಲ್ಲ, ಕೆಂಪೂ ಇಲ್ಲ. ಎರಡೂ ನೆನೆದು ಒಂದೇ ಕಂದು ಬಣ್ಣಕ್ಕೆ ತಿರುಗಿದ್ದವು. ಪಕ್ಕದ ತೋಟದವರನ್ನು ಕೇಳಬಹುದಿತ್ತು. ಕೇಳಲು ಬಾಯಿ ಬರಲಿಲ್ಲ. ಉಗುರಿನಿಂದ ಕೆರೆದು, ಮೂಸಿ, ಇದೇ ಇರಬೇಕೆಂದು ಒಂದು ಕಂತೆ ಹೊತ್ತು ಗುಡ್ಡ ಹತ್ತಿದಳು. ಇನ್ನೊಂದು ಕಂತೆಯನ್ನು ಹೊಳೆಯ ಪಕ್ಕ ನೆಟ್ಟದ್ದು ಆ ವರ್ಷದ ನೆರೆಗೇ ಕೊಚ್ಚಿಹೋಯಿತು. ಸಸಿಗಳು ಬೆಳೆದು ತಂತಿಗೇರಿದ ಮೂರನೆಯ ಶರತ್ಕಾಲದಲ್ಲಿ ಮೇಲಿನ ಸಾಲುಗಳ ನಡುವೆ ಮೂವತ್ತೊಂದು ಬಳ್ಳಿ ಕೆಂಪಗೆ ನಿಂತಿದ್ದನ್ನು ಕಂಡು ಅವಳು ಅಲ್ಲೇ ಕೂತುಬಿಟ್ಟಿದ್ದಳು.

ಅಪ್ಪ ಅದನ್ನು ನೋಡಿರಲಿಲ್ಲ. ಸೊಂಟ ಮುರಿದ ಮೇಲೆ ಅವನು ಗುಡ್ಡದ ಉಬ್ಬು ದಾಟಿ ಹತ್ತಿದ್ದೇ ಇಲ್ಲ. ಅಂಗಳದಿಂದ ನೋಡಿದರೆ ಮೇಲಿನ ಸಾಲು ಕಾಣುವುದೂ ಇಲ್ಲ. ಅಲ್ಲಿ ಕತ್ತರಿಸುವವಳೂ ಕೊಯ್ಯುವವಳೂ ತೊಟ್ಟಿಗೆ ಸುರಿಯುವವಳೂ ಅವಳೇ. ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಪ್ರತಿ ವರ್ಷ ಹೇಳಬೇಕೆಂದುಕೊಂಡು ಪ್ರತಿ ವರ್ಷ ಎಲೆ ಕಿತ್ತಳು.

ಅವಳು ಹಿಂದಿನ ಬಾಗಿಲಿನಿಂದ ಅಡುಗೆಮನೆಗೆ ಬಂದು ಒಲೆಗೆ ಎಲೆ ಹಾಕಿ ನೋಡಿದಳು. ಒದ್ದೆ ಎಲೆ ಹೊಗೆಯಾಡಿತೇ ಹೊರತು ಉರಿಯಲಿಲ್ಲ. ಅಷ್ಟರಲ್ಲಿ ಅಂಗಳದಲ್ಲಿ ಕಾರಿನ ಸದ್ದಾಯಿತು. ಬುಟ್ಟಿಯನ್ನು ಒಲೆಯ ಹಿಂದೆ ಸೌದೆಯ ಮರೆಗೆ ತಳ್ಳಿ, ಮೇಲೊಂದು ಗೋಣಿ ಎಳೆದಳು.

ಬಂದವರಲ್ಲಿ ಪ್ರೊಫೆಸರ್ ಬೊನ್‌ಫಾಂತೆ ಎಲೆಯ ಪಂಡಿತ. ನಲವತ್ತು ವರ್ಷ ತೋಟಗಾರಿಕೆ ಶಾಲೆಯಲ್ಲಿ ಪಾಠ ಹೇಳಿದ ದಪ್ಪ ಮನುಷ್ಯ, ಏದುಸಿರು ಬಿಡುತ್ತಲೇ ಮಾತಾಡುವವರು. ಜೊತೆಗಿದ್ದ ಎರ್ಸೀಲಿಯಾ ಐವತ್ತರ ಹೆಂಗಸು. ರುಚಿ ನೋಡುವುದರಲ್ಲಿ ಅವಳ ಮೂಗಿಗೆ ಹೆದರದ ರೈತ ಈ ಗುಡ್ಡಗಳಲ್ಲಿ ಇರಲಿಲ್ಲ. ಚೆಲೆಸ್ತೀನೊ ಹೆಜಲ್ ಬೀಜ, ಚೀಸ್, ಕಡ್ಡಿಯಂಥ ಗರಿಗರಿ ರೊಟ್ಟಿ ಮುಂದಿಟ್ಟು ಪೀಪಾಯಿಯಿಂದ ಮೂರು ಲೋಟ ತುಂಬಿದ. ಅವನಿಗೆ ಹೆದರಿಕೆಯೇ ಇರಲಿಲ್ಲ. ನನ್ನ ಗುಡ್ಡದಲ್ಲಿ ಬಾರ್ಬೆರಾದ ಒಂದು ಕಾಳು ತೋರಿಸಿದರೆ ಮೀಸೆ ಬೋಳಿಸುತ್ತೇನೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದ.

ಎರ್ಸೀಲಿಯಾ ಲೋಟದ ಹಿಂದೆ ಬೆರಳಿಟ್ಟಳು. ನೆಬ್ಬಿಯೋಲೊ ಆದರೆ ವೈನಿನ ಆಚೆಯಿಂದ ಉಗುರು ಕಾಣಬೇಕು. ಕಾಣಲಿಲ್ಲ.

"ಮೂಸಿದ್ರೆ ಡಾಂಬರು ಇದೆ, ಬಾಡಿದ ಗುಲಾಬಿ ಇದೆ, ಎಲ್ಲಾ ಸರಿ. ಬಾಯಿಗೆ ಹಾಕ್ಕೊಂಡ್ರೆ ಒಗರು ಬರೋಕೆ ಮುಂಚೆ ಹುಳಿ ಬಂದು ಬಾಗಿಲು ತಟ್ಟುತ್ತೆ," ಎಂದಳು.

"ಶುರುವಾಯ್ತು ನೋಡಪ್ಪ ಇವರ ಬಾಗಿಲು, ಕಿಟಕಿ," ಎಂದರು ಪ್ರೊಫೆಸರ್. "ನಾಲಿಗೆ ಮಾತು ಕೇಳ್ಕೊಂಡು ಬಳ್ಳಿಗೆ ಜಾತಿ ಕಟ್ಟೋಕಾಗಲ್ಲ, ಸಿನ್ಯೋರಾ. ಎಲೆ ನೋಡಬೇಕು."

"ನೋಡಿ. ನೀವು ಎಲೆ ಜಾತಕ ಬರೀತಾ ಇರಿ. ಕುಡಿಯೋರು ಎಲೆ ತಿನ್ನಲ್ಲ."

ಚೆಲೆಸ್ತೀನೊ ನಕ್ಕ. ಇಬ್ಬರ ನಡುವೆ ವಾದ ಬೆಳೆಯಿತು. ಪೂರ್ವದ ಗುಡ್ಡಗಳ ಗಟ್ಟಿ ಸುಣ್ಣಮಣ್ಣಿನಲ್ಲಿ ನೆಬ್ಬಿಯೋಲೊ ಹತ್ತು ವರ್ಷ ಬಾಯಿ ಬಿಡುವುದಿಲ್ಲ, ಪಶ್ಚಿಮದ ಮೆದು ಮಣ್ಣಿನಲ್ಲಿ ಬೇಗ ಮಾತಿಗೆ ಸಿಗುತ್ತದೆ, ಆದರೆ ಯಾವ ಮಣ್ಣೂ ಅದಕ್ಕೆ ಇಂಥ ಬಣ್ಣ ಕೊಡುವುದಿಲ್ಲ ಎಂದು ಎರ್ಸೀಲಿಯಾಳ ವಾದ. ಮೂರು ಬೇಸಗೆಯೂ ಸುಟ್ಟಿದ್ದನ್ನು ಮರೆಯಬೇಡಿ, ಬಿಸಿಲಿಗೆ ಸಿಪ್ಪೆ ದಪ್ಪವಾಗುತ್ತದೆ ಎಂದು ಪ್ರೊಫೆಸರ್. ಉತ್ತರದ ಕಡೆ ಇದನ್ನೇ ಸ್ಪಾನ್ನಾ ಎನ್ನುತ್ತಾರೆ, ಅಲ್ಲಿ ಬೇರೆ ದ್ರಾಕ್ಷಿ ಸ್ವಲ್ಪ ಸೇರಿಸಲು ಕಾಯಿದೆಯೇ ಬಿಡುತ್ತದೆ ಎಂದು ಅವಳು. ಇಲ್ಲಿ ಒಂದು ಹಣ್ಣಿಗೂ ಬಿಡುವುದಿಲ್ಲ ಎಂದು ಇಬ್ಬರೂ ಒಟ್ಟಿಗೆ. ದೆಲ್ಫೀನಾ ಗೋಡೆಗೆ ಒರಗಿ ನಿಂತು ಒಂದೊಂದು ಮಾತನ್ನೂ ಕೇಳಿಸಿಕೊಂಡಳು. ಒಲೆಯ ಶಾಖಕ್ಕೆ ಸೌದೆಯ ಹಿಂದಿನಿಂದ ಸಣ್ಣಗೆ ಹಬೆ ಏಳತೊಡಗಿತ್ತು.

ಎರ್ಸೀಲಿಯಾ ಲೋಟವನ್ನು ಮೂಗಿಗೆ ಹಿಡಿದವಳು ಕೆಳಗಿಟ್ಟಳು. ಮುಖ ಎತ್ತಿ ಗಾಳಿಯನ್ನು ಮೂಸಿದಳು.

"ಇಲ್ಲಿ ಒದ್ದೆ ಎಲೆ ವಾಸನೆ ಬರ್ತಿದೆ."

"ಸೌದೆ ಹಸಿ," ಎಂದಳು ದೆಲ್ಫೀನಾ. ಅವಳು ಬೆಳಗ್ಗಿನಿಂದ ಆಡಿದ ಮೊದಲ ಮಾತು ಅದು.

ಎರ್ಸೀಲಿಯಾ ಅವಳನ್ನು ಒಮ್ಮೆ ನೋಡಿದಳು. ಎದ್ದು ಕೋಟು ಹಾಕಿಕೊಂಡಳು.

ಗುಡ್ಡ ಹತ್ತುವಾಗ ಚೆಲೆಸ್ತೀನೊ ಕೋಲು ಹಿಡಿದು ತಾನೂ ಹೊರಟ. ಬೇಡ ಅಪ್ಪ, ಜಾರುತ್ತೆ ಎಂದರೂ ಕೇಳಲಿಲ್ಲ. ಕೆಳಗಿನ ಸಾಲುಗಳೆಲ್ಲ ಹಳದಿಯಾಗಿ ನಿಂತಿದ್ದವು. ಪ್ರೊಫೆಸರ್ ಅಲ್ಲಲ್ಲಿ ಎಲೆ ಮಗುಚಿ ನೋಡಿ, ತಲೆಯಾಡಿಸಿ ಮುಂದೆ ಹೋದರು. ಉಬ್ಬು ದಾಟಿದರು.

ಅಲ್ಲಿ ನಿಂತಾಗ ದೆಲ್ಫೀನಾಳಿಗೆ ತಾನು ಮಾಡಿದ್ದು ಏನೆಂದು ಬೇರೆಯವರ ಕಣ್ಣಿನಿಂದ ಮೊದಲ ಸಲ ಕಂಡಿತು. ಕಿತ್ತ ಎಲೆ ಮರೆಯಾಗಿತ್ತು ನಿಜ. ಆದರೆ ಹಳದಿ ಬಳ್ಳಿಗಳ ನಡುವೆ ಮೂವತ್ತೊಂದು ಬಳ್ಳಿ ಬೋಳುಬೋಳಾಗಿ, ಬೆರಳು ಮಾಡಿ ತೋರಿಸಿದ ಹಾಗೆ ನಿಂತಿದ್ದವು.

"ಇದೇನಿದು?" ಎಂದರು ಪ್ರೊಫೆಸರ್.

ಅವರು ಬಗ್ಗಿ ಬುಡ ನೋಡಿದರು, ತೊಗಟೆ ಕೆರೆದರು. ಎಲೆ ಸುರುಳಿ ರೋಗ ಇರಬಹುದು ಎಂದರು. ಆ ರೋಗ ಹತ್ತಿದ ಬಳ್ಳಿಯಲ್ಲಿ ಎಲೆ ಕೆಂಪಾಗಿ ಅಂಚು ಸುರುಳಿಕೊಳ್ಳುತ್ತದೆ, ಹಣ್ಣಿನ ರುಚಿ ಕೆಟ್ಟು ಹುಳಿ ಏರುತ್ತದೆ. ಈ ಬಳ್ಳಿಗಳು ಎಲೆಯನ್ನೂ ಬೇಗ ಉದುರಿಸಿವೆ. ಅಥವಾ ಇವು ಬಾರ್ಬೆರಾನೇ ಇರಬಹುದು. ಬರೀ ಕಡ್ಡಿ ನೋಡಿ ಪ್ರಮಾಣ ಮಾಡಿ ಹೇಳಲಾರೆ.

"ಒಂದೇ ಒಂದು ಎಲೆ ಸಿಕ್ಕಿದ್ರೆ ಸಾಕಿತ್ತು. ರೋಗ ಆದ್ರೆ ನರ ಹಸಿರಾಗೇ ಉಳಿಯುತ್ತೆ. ಬಾರ್ಬೆರಾ ಆದ್ರೆ ನರವೂ ಕೆಂಪು, ಅಡಿಯಲ್ಲಿ ಹತ್ತಿ ಮೆತ್ತಿದ ಹಾಗಿರುತ್ತೆ."

ಎರ್ಸೀಲಿಯಾ ನೆಲ ನೋಡುತ್ತಿದ್ದಳು. "ಉದುರಿದ್ದೆಲ್ಲ ಎಲ್ಲಿ ಹೋಯ್ತು? ಬುಡದಲ್ಲಿ ಒಂದೂ ಇಲ್ಲ."

ಚೆಲೆಸ್ತೀನೊ ಆಗಲೇ ಒಂದು ಬೋಳು ಬಳ್ಳಿಯ ಪಕ್ಕ ಹೋಗಿ ನಿಂತಿದ್ದ. ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು, ಗಿಣ್ಣಿನಿಂದ ಗಿಣ್ಣಿಗೆ ಮೆಲ್ಲಗೆ ಸವರುತ್ತ ಹೋದ. ತೊಟ್ಟು ಕಳಚಿದ ಹಸಿ ಗಾಯದ ಮೇಲೆ ಅವನ ಹೆಬ್ಬೆರಳು ನಿಂತಿತು. ಐವತ್ತು ವರ್ಷ ಬಳ್ಳಿ ಕತ್ತರಿಸಿದ ಬೆರಳು ಅದು. ಅವನು ತಿರುಗಿ ಮಗಳ ಕೈ ನೋಡಿದ. ಅವಳು ಕೈಗಳನ್ನು ಏಪ್ರನ್ನಿನೊಳಗೆ ಸರಿಸಿದಳು.

"ಗಾಳಿ," ಎಂದ ಚೆಲೆಸ್ತೀನೊ. "ಈ ಸಾಲಿಗೆ ಗಾಳಿ ಜಾಸ್ತಿ. ಹೊತ್ತುಕೊಂಡು ಹೋಗಿರುತ್ತೆ."

ಪ್ರೊಫೆಸರ್ ಕಣಿವೆಯತ್ತ ನೋಡಿದರು. ಮೂರು ದಿನದಿಂದ ಕದಲದ ಮಂಜು ಅಲ್ಲೇ ಕೂತಿತ್ತು. ಇಳಿಯುವಾಗ ಮೂರು ಸಲ ದೆಲ್ಫೀನಾ ತೋಳು ಕೊಟ್ಟಳು. ಮೂರು ಸಲವೂ ಅಪ್ಪ ಕೋಲನ್ನೇ ಊರಿಕೊಂಡ.

ಅಡುಗೆಮನೆಯಲ್ಲಿ ಪ್ರೊಫೆಸರ್ ಕಾಗದ ಹರಡಿಕೊಂಡು ಕೂತರು. ಎರಡು ದಾರಿ ಇದೆ ಎಂದು ಬಿಡಿಸಿ ಹೇಳಿದರು. ಬಾರ್ಬೆರಾ ಎಂದು ಬರೆದರೆ ಆ ಮೂವತ್ತೊಂದನ್ನು ಕಿತ್ತರೆ ಸಾಕು. ಆದರೆ ಮೂರು ವರ್ಷದ ವೈನಿಗೂ ಗುಡ್ಡದ ಹೆಸರು ಸಿಗುವುದಿಲ್ಲ. ಮಂಡಳಿಯ ಪಟ್ಟಿಯಲ್ಲಿ ಚೆಲೆಸ್ತೀನೊ ಹೆಸರಿನ ಮುಂದೆ 'ಬೆರಕೆ' ಎಂಬ ಮಾತು ಬೀಳುತ್ತದೆ, ಬಿದ್ದರೆ ಅಳಿಸುವುದಿಲ್ಲ. ರೋಗ ಎಂದು ಬರೆದರೆ ಹೆಸರಿಗೆ ಕಳಂಕವಿಲ್ಲ, ರೋಗ ಯಾರಿಗೂ ಬರುತ್ತದೆ. ಆದರೆ ಪಕ್ಕದ ತೋಟಗಳಿಗೆ ಹರಡದಂತೆ ಮೇಲಿನ ಮೂರು ಸಾಲೂ ಬುಡಸಮೇತ ಹೋಗಬೇಕು. ಹಳೆಯದು, ಹೊಸದು ಎಂದು ನೋಡುವ ಹಾಗಿಲ್ಲ.

ಹಳೆಯದೆಂದರೆ ಅಜ್ಜ ನೆಟ್ಟಿದ್ದು. ತೊಡೆ ಗಾತ್ರದ ಬುಡದ ತೊಂಬತ್ತು ಬಳ್ಳಿ.

"ನನ್ನ ಕೇಳಿದ್ರೆ ಅದು ಬಾರ್ಬೆರಾ," ಎಂದಳು ಎರ್ಸೀಲಿಯಾ. "ಆದ್ರೆ ಕೈಯಲ್ಲಿ ಎಲೆ ಇಲ್ಲ. ಬರೀ ಬಾಯಿಮಾತಿಗೆ ಒಬ್ಬರ ಹೆಸರು ಕೆಡಿಸಲಾರೆ. ಯಜಮಾನರು ಏನಂತಾರೋ ಹೇಳಲಿ."

ಚೆಲೆಸ್ತೀನೊ ಪೆನ್ನಿಗೆ ಕೈ ಚಾಚಿದ.

"ರೋಗ ಅಂತಲೇ ಬರೀರಿ," ಎಂದ. ಅವನು ಕಾಗದವನ್ನು ನೋಡುತ್ತಿರಲಿಲ್ಲ, ಮಗಳನ್ನೂ ನೋಡುತ್ತಿರಲಿಲ್ಲ. "ಮೂರು ಸಾಲೂ ತೆಗೆಸ್ತೀನಿ."

ಅವನು ರುಜು ಹಾಕಲು ಬಗ್ಗಿದಾಗ ಕತ್ತಿನ ಹಿಂದಿನ ಬಿಳಿ ಕೂದಲು ದೆಲ್ಫೀನಾಳಿಗೆ ಕಂಡಿತು. ಅವಳು ಗೋಡೆ ಬಿಟ್ಟು ನೇರ ಒಲೆಯ ಕಡೆಗೆ ನಡೆದಳು. ಒಲೆಯ ಹಿಂದೆ ಬಗ್ಗಿ, ಗೋಣಿ ಎಳೆದು, ಬುಟ್ಟಿಯನ್ನು ಎತ್ತಿ ತಂದು ಮೇಜಿನ ಮೇಲೆ ಬೋರಲು ಹಾಕಿದಳು.

ಬೆಚ್ಚಗಾಗಿ ಹಬೆಯಾಡುತ್ತಿದ್ದ ಕೆಂಪೆಲೆಗಳು ಕಾಗದವನ್ನೂ ಲೋಟಗಳನ್ನೂ ಚೀಸಿನ ತಟ್ಟೆಯನ್ನೂ ಮುಚ್ಚಿದವು. ಪ್ರೊಫೆಸರ್ ಒಂದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದರು. ನರ ಕೆಂಪಾಗಿತ್ತು. ಮಗುಚಿ ಅಡಿಯನ್ನು ಹೆಬ್ಬೆರಳಿನಿಂದ ಉಜ್ಜಿದರು. ಆಮೇಲೆ ಅದನ್ನು ಎರ್ಸೀಲಿಯಾಳ ಮುಂದಿಟ್ಟರು. ಅವಳು ಮುಟ್ಟಲಿಲ್ಲ.

"ಯಾರಮ್ಮ ಕಿತ್ತಿದ್ದು?" ಎಂದು ಮೆಲ್ಲಗೆ ಕೇಳಿದರು.

"ನಾನು. ನೆಟ್ಟಿದ್ದೂ ನಾನೇ." ಒಂದು ಹೊರಬಿದ್ದ ಮೇಲೆ ಉಳಿದದ್ದು ತಾನಾಗಿ ಬಂತು. "ವಿಲೋ ಕಡ್ಡಿ ನೀರಲ್ಲಿ ನೆಂದು ಎರಡೂ ಒಂದೇ ಥರ ಆಗಿತ್ತು. ಯಾರನ್ನೂ ಕೇಳಲಿಲ್ಲ. ಅಪ್ಪಂಗೆ ಗೊತ್ತಿರಲಿಲ್ಲ, ಇವತ್ತೇ ಗೊತ್ತಾಗಿದ್ದು. ಬೆರಕೆ ಅಂತ ಬರೆಯೋದಾದ್ರೆ ನನ್ನ ಹೆಸರಲ್ಲಿ ಬರೀರಿ. ಹಳೇದಕ್ಕೆ ರೋಗ ಇಲ್ಲ."

ಪಟ್ಟಿಯಲ್ಲಿರುವುದು ತೋಟದ ಯಜಮಾನನ ಹೆಸರು ಮಾತ್ರ ಎಂದು ಎರ್ಸೀಲಿಯಾ ಹೇಳಿದಳು. ದನಿ ಗಡುಸಾಗಿರಲಿಲ್ಲ. ಪ್ರೊಫೆಸರ್ ಎಲೆಗಳ ಅಡಿಯಿಂದ ಕಾಗದವನ್ನು ಎಳೆದು, ಅಲ್ಲಿವರೆಗೆ ಬರೆದದ್ದನ್ನು ಹೊಡೆದುಹಾಕಿ ಕೆಳಗೆ ಹೊಸದಾಗಿ ಬರೆಯತೊಡಗಿದರು. ಬಾರ್ಬೆರಾ, ಮೂವತ್ತೊಂದು. ಉಳಿದದ್ದು ನೆಬ್ಬಿಯೋಲೊ, ಆರೋಗ್ಯವಾಗಿದೆ. ಆಮೇಲೆ ಆ ಒಂದು ಮಾತು.

ಬರೆದು ಮುಗಿಸಿ ಕಾಗದವನ್ನು ಚೆಲೆಸ್ತೀನೊ ಕಡೆಗೆ ತಿರುಗಿಸಿದರು. ಅವನು ರುಜು ಹಾಕಿದ. ಎದ್ದು ಕಿಟಕಿಯ ಹತ್ತಿರ ಹೋಗಿ, ಮೂವರಿಗೂ ಬೆನ್ನು ಮಾಡಿ, ಗುಡ್ಡದ ಕಡೆ ನೋಡುತ್ತ ನಿಂತ. ಉಬ್ಬಿನ ಆಚೆಯದು ಅಲ್ಲಿಂದ ಕಾಣುವುದಿಲ್ಲ. ಆದರೂ ನೋಡುತ್ತಲೇ ಇದ್ದ.

ದೆಲ್ಫೀನಾ ಎಲೆಗಳನ್ನು ಬಾಚಿ ಬುಟ್ಟಿಗೆ ತುಂಬಿದಳು. ಏಪ್ರನ್ನಿಗೆ ಕೈ ಒರೆಸಿಕೊಂಡಳು.

"ಅಪ್ಪ, ಗುದ್ದಲಿ ಎಲ್ಲಿಟ್ಟಿದ್ದೀಯ, ಹೇಳು. ಮೂವತ್ತೊಂದನ್ನೂ ಇವತ್ತೇ ಕೀಳ್ತೀನಿ."